ಪ್ಲಗ್ ಕಿತ್ತರೆ ಓಡಿಬರುವವರು

ನೆಟ್ ಹೋಗಿದೆ ಅಂತ ಯಾರಾದರೂ ಅಂದರೆ ಇವತ್ತಿಗೂ ನನ್ನ ಎದೆ ಧಸಕ್ಕೆನ್ನುತ್ತದೆ.

ದೇವದುರ್ಗಕ್ಕೆ ಮೊದಲು ಬ್ರಾಡ್‌ಬ್ಯಾಂಡ್ ತಂದವರು ನಾವು, ಇಬ್ಬರು ಗೆಳೆಯರು. ಅದಕ್ಕೂ ಮುಂಚೆ ಮಾನ್ವಿಯಲ್ಲಿ ಕೇಬಲ್ ಟಿವಿ ನಡೆಸುತ್ತಿದ್ದೆವು. ಅದೇ ಏಣಿ, ಅದೇ ಕಂಬ. ತಂತಿ ಮಾತ್ರ ಬೇರೆ. ನನಗೋ ಜಂಬ ಬಹಳ. ಮೊದಲ ಮನೆಗೆ ತಂತಿ ಮುಟ್ಟುವ ಮುಂಚೆಯೇ ದೊಡ್ಡ ಬೋರ್ಡು ಬರೆಸಿದ್ದೆ.

ಮನೆಮನೆಗೆ ನೆಟ್ ಹಂಚಲು ಓಣಿಗೊಂದು ಡಬ್ಬಿ ಇಡಬೇಕಿತ್ತು. ಅದಕ್ಕೆ ಕರೆಂಟು ಕೊಡುವ ಮನೆಗೆ ನೆಟ್ ಪುಕ್ಕಟೆ. ಒಂದು ಓಣಿಯ ಡಬ್ಬಿ, ಒಬ್ಬಳೇ ಇರುತ್ತಿದ್ದ ಟೇಲರ್ ಅಕ್ಕನ ಮನೆಯಲ್ಲಿತ್ತು. ಅಕ್ಕನಿಗೆ ನೆಟ್ ಬೇಕಿರಲಿಲ್ಲ, ಮಾತಿಗೆ ಜನ ಬೇಕಿತ್ತು. ಬೇಜಾರಾದಾಗ ಡಬ್ಬಿಯ ಪ್ಲಗ್ ಕೀಳುತ್ತಿದ್ದಳು. ಇಡೀ ಓಣಿಯ ನೆಟ್ ಹೋಗಿ, ಫೋನ್ ಮೇಲೆ ಫೋನ್ ಬಂದು, ನಾನು ಬೈಕ್ ಹತ್ತಿ ಓಡಿಹೋದರೆ ಚಹಾ ಕಾಸಿಟ್ಟಿರುತ್ತಿದ್ದಳು.

"ಫೋನ್ ಮಾಡಾಕ ಏನಾಗ್ಯಾದ ಅಕ್ಕಾ?"

"ಫೋನ್ ಮಾಡಿದ್ರ ನೀ ಎತ್ತಂಗಿಲ್ಲ. ಹಿಂಗ ಮಾಡಿದ್ರ ಓಡಿ ಬರ್ತಿ. ಕುಂದ್ರು."

ಆಮೇಲೆ ದೊಡ್ಡ ಕಂಪನಿ ಬಂತು. ಮಟಮಾರಿಯಿಂದ ಮಾನ್ವಿಯವರೆಗೆ ನಮ್ಮಂಥ ಸಣ್ಣಪುಟ್ಟವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೊಂಡಿತು. ನಮ್ಮ ಸಹಿ ಆದದ್ದು ರಾಯಚೂರಿನ ಒಂದು ಹೋಟೆಲಿನಲ್ಲಿ. ಅಂದು ಬೆಳಿಗ್ಗೆ ಹನ್ನೊಂದಕ್ಕೇ ಫೋನ್ ಶುರುವಾದವು: ಅಕ್ಕನ ಓಣಿಯಲ್ಲಿ ನೆಟ್ ಇಲ್ಲ.

"ಆಕಿಗಿ ಚಾ ಟೈಮ್ ಆಗ್ಯಾದ ನೋಡು," ಅಂದ ಗೆಳೆಯ. ಇಬ್ಬರೂ ನಕ್ಕೆವು. ನಾನು ಫೋನ್ ಸೈಲೆಂಟ್ ಮಾಡಿ ಮಗುಚಿಟ್ಟೆ. ಸಹಿ ಆಯಿತು, ಊಟ ಆಯಿತು, ಫೋಟೊ ತೆಗೆಸಿಕೊಂಡೆವು.

ಸಂಜೆ ದೇವದುರ್ಗ ಮುಟ್ಟಿದಾಗ ಅಕ್ಕನ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಹೊಲಿಗೆ ಯಂತ್ರದ ಪಕ್ಕ ಬಿದ್ದಿದ್ದಳು. ಡಬ್ಬಿಯ ಕಿತ್ತ ಪ್ಲಗ್ ಕೈಯಲ್ಲೇ ಇತ್ತು, ಮೈ ತಣ್ಣಗಾಗಿತ್ತು. ಹೃದಯಾಘಾತ ಅಂದರು ಡಾಕ್ಟರು. ಬಿದ್ದಮೇಲೂ ಸ್ವಲ್ಪ ಹೊತ್ತು ಜೀವ ಇದ್ದಿರಬೇಕು ಅಂತಲೂ ಅಂದರು. ಎಷ್ಟು ಹೊತ್ತು ಅಂತ ನಾನು ಕೇಳಲಿಲ್ಲ. ಈಗಲೂ ಕೇಳುವ ಧೈರ್ಯವಿಲ್ಲ.

ಈಗ ನಾನು ಅದೇ ಕಂಪನಿಯ ನೌಕರ. ದೂರುಗಳು ಯಾವುದೋ ಊರಿನ ಕಾಲ್ ಸೆಂಟರಿಗೆ ಹೋಗುತ್ತವೆ. ಯಾರ ಮನೆಯಲ್ಲೂ ಡಬ್ಬಿ ಇಲ್ಲ. ಆದರೂ ರಿಪೇರಿಗೆ ಹೋದಲ್ಲೆಲ್ಲ, ರೂಟರ್ ನೋಡುವ ಮುಂಚೆ, ಮನೆಯವರೆಲ್ಲ ಆರಾಮ ಇದ್ದಾರಾ ಅಂತ ಕೇಳುತ್ತೇನೆ. ಜನ ನಗುತ್ತಾರೆ.

ಹೋದ ವಾರ ಆ ಓಣಿಯಲ್ಲೇ ಹೊಸ ತಂತಿ ಎಳೆಯಬೇಕಾಯಿತು. ಅಕ್ಕನ ಪಕ್ಕದ ಮನೆಯಾಕೆ ಕುಡಿಯಲು ನೀರು ಕೊಟ್ಟು ಹೇಳಿದಳು:

"ಅವತ್ತು ನೆಟ್ ಹೋದಕೂಡ್ಲೇ ಆಕಿ ಮನಿಗಿ ಹೋಗಿ ನೋಡಬೇಕಂತ ಎದ್ದಿದ್ನ್ರಿ. ಮತ್ತ ಕುಂತೆ. ಹೆಂಗೂ ನೀವು ಬರ್ತೀರಲ್ಲ ಅಂತ."