ಬೆಟ್ಟದ ಮೇಲಿನ ದುಮಾಲಿಸಿಲೆ

ಖೋಸಾ ಬುಡಕಟ್ಟಿನ ಪದ್ಧತಿಯಂತೆ ಸುನ್ನತಿ ಮಾಡಿಸಿಕೊಂಡು ಗಂಡಸಾಗಲು ಮಗ ಬೆಟ್ಟ ಹತ್ತಿದ ದಿನ ನೊಸಖೇಲೆ ಮೊದಲ ಸಲ ದುಮಾಲಿಸಿಲೆಯ ಹೆಸರು ಕೇಳಿದಳು. ಸುನ್ನತಿಯಾದ ಹುಡುಗರ ಗಾಯ ಕಟ್ಟುವ ಆ ಮುದುಕ ಕೆಮ್ಮಿದರೆ ಕೆಳಗಿನ ಬಯಲಿನ ದನಗಳು ಕಿವಿ ನಿಮಿರಿಸುತ್ತಿದ್ದವು. ಆಸ್ಪತ್ರೆಯ ನರ್ಸ್ ಬಂದರೆ, “ಹೆಂಗಸ್ರು ಈ ಲೋಳೆಸರದ ಪೊದೆ ದಾಟಂಗಿಲ್ಲ. ಬ್ಯಾಂಡೇಜ್ ಅಲ್ಲೇ ಇಟ್ಟು ನಡಿಯಮ್ಮ!” ಎಂದು ಗದರಿ, ಬ್ಯಾಂಡೇಜನ್ನು ಮಾತ್ರ ಜೋಪಾನವಾಗಿ ಎತ್ತಿಕೊಳ್ಳುತ್ತಿದ್ದ. ಗಾಯ ಮಾಯುವ ತನಕ ಖೋಸಾ ಹುಡುಗ ನೀರು ಕುಡಿಯಬಾರದೆಂದ ಹಿರಿಯರಿಗೆ, “ಬಾಯಾರಿ ಸತ್ತೋನನ್ನ ಗಂಡಸು ಅನ್ನಲ್ಲ, ಹೆಣ ಅಂತಾರೆ. ತಾಕತ್ತಿದ್ರೆ ನನ್ನ ಓಡಿಸಿ!” ಎಂದು ತಂಬಾಕಿನ ಪೈಪು ಕಚ್ಚುತ್ತಿದ್ದ. ಅದನ್ನು ಕೇಳಿ ನೊಸಖೇಲೆ ಬೆಟ್ಟದ ಹುಡುಗರಿಗೆಂದು ಪೊದೆಯ ಬಳಿ ನೀರಿನ ಬಕೆಟ್ ಇಡತೊಡಗಿದಳು; ಮಗ ಮರಳಿದ ಮೇಲೂ ವರ್ಷವರ್ಷವೂ ಅವಳಿಟ್ಟ ಬಕೆಟ್ ಬರಿದಾಗುತ್ತಿತ್ತು. ದುಮಾಲಿಸಿಲೆಯ ತಮ್ಮ ಸುನ್ನತಿಯಾದಾಗ ಅದೇ ಬೆಟ್ಟದಲ್ಲಿ ಬಾಯಾರಿ ಸತ್ತಿದ್ದನೆಂದು ಅವಳಿಗೆ ತಿಳಿದದ್ದು ಮುದುಕ ಹಾಸಿಗೆ ಹಿಡಿದಾಗ. “ತಂಗೀ, ನಾನು ಸತ್ತೆ ಅಂತ ಬಕೆಟ್ ಇಡೋದು ನಿಲ್ಲಿಸ್ಬೇಡ,” ಎಂದ. “ಯಾರಾದ್ರೂ ಬೈದ್ರೆ ನನ್ನ ಹೆಸರು ಹೇಳು. ನನ್ನ ಗೋರಿ ಹತ್ರ ಬಂದು ಜಗಳ ಆಡ್ಲಿ.”