ಖಂಡೇಪೂಜೆಗೆ ತೊಳೆದ ಕ್ಯಾಮೆರಾ

ಕಾಲೇಜಿನ ಕಾರವಾರ ಪ್ರವಾಸದಲ್ಲಿ ನನ್ನ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಿಂದ ಹೊರತೆಗೆದದ್ದೇ ಕಡಿಮೆ. ಕಡಲ ಗಾಳಿಯಲ್ಲೇ ಉಪ್ಪಿರುತ್ತದೆಂದು ಓದಿದ್ದೆ. ರೂಮಿಗೆ ಬಂದೊಡನೆ ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಬ್ಯಾಟರಿ ತೆಗೆದು, ತೇವ ಹೀರುವ ಪೊಟ್ಟಣಗಳ ಜೊತೆ ಡಬ್ಬಿಯಲ್ಲಿಡುತ್ತಿದ್ದೆ. ಗೆಳತಿಯರು ನಗುತ್ತಿದ್ದರು. “ಕೂಸಿಗೆ ಎರದು ಮಲಗಿಸಿದೇನವಾ?”

ಅದು ಹಾಳಾದದ್ದು ಅಡರಕಟ್ಟಿಯ ನಮ್ಮ ಮನೆಯಲ್ಲಿ.

ದಸರೆ ಮುಗಿದ ಕೂಡಲೇ ಶುರುವಾಗಬೇಕಿದ್ದ, ಲಕ್ಷ್ಮೇಶ್ವರದ ಗುಡಿಗಳ ಶಾಸನಗಳ ಫೋಟೊ ತೆಗೆಯುವ ಕೆಲಸ ನನಗೆ ಸಿಕ್ಕಿತ್ತು. ಓದು ಮುಗಿದ ಮೇಲಿನ ಮೊದಲ ಕೆಲಸ. ಕ್ಯಾಮೆರಾ ಸ್ವಂತದ್ದಿರಬೇಕೆಂಬುದೊಂದೇ ಕೆಲಸ ಕೊಟ್ಟವರ ಷರತ್ತು. ಕ್ಯಾಮೆರಾ ಕಪಾಟಿನಲ್ಲಿಟ್ಟು, ಅದೇ ಕೆಲಸದ ಮಾತಿಗೆ ಗದಗಿಗೆ ಹೋದವಳು, ಆಯುಧಗಳನ್ನು ಪೂಜಿಸುವ ಖಂಡೇಪೂಜೆಯ ಮಧ್ಯಾಹ್ನ ಮರಳಿದೆ. ಪಡಸಾಲೆಯಲ್ಲಿ ಕುಡುಗೋಲು, ಕೊಡಲಿ, ಔಷಧ ಹೊಡೆಯುವ ಪಂಪಿನ ಸಾಲಿನಲ್ಲಿ ಅದೂ ಕೂತಿತ್ತು, ಮೈಮೇಲೆ ವಿಭೂತಿ.

“ಎಲ್ಲಾ ನಾನ ತೊಳದೇನಿ,” ಎಂದರು ಅಪ್ಪನ ತಮ್ಮ, ಕಾಕಾ. “ಲೆನ್ಸ್ ಬಿಚ್ಚಿ, ಒಳಗಿನ ಧೂಳ ಸೈತ ಹೋಗೂಹಂಗ ನಳದ ಕೆಳಗ ಹಿಡದು, ತಿರುಗಿ ಕೂಡಿಸೇನಿ. ನನ್ನ ಪಂಪಿಗೂ ಇಷ್ಟು ಜ್ವಾಕಿ ಮಾಡಿಲ್ಲ.”

ನಮ್ಮ ನಳದಲ್ಲಿ ಬರುವುದು ಬೋರಿನ ಸವಳು ನೀರು. ಸ್ಟೀಲ್ ಕೊಡದ ಮೇಲೆ ಒಣಗಿದರೆ ಬಿಳಿ ಉಪ್ಪು ಬಿಡುತ್ತದೆ. ನಾವು ಅದನ್ನು ಕುಡಿಯುವುದೂ ಇಲ್ಲ.

“ಬ್ಯಾಟರಿ ಹಾಕಿದ್ರೇನ್ರಿ, ಕಾಕಾ?”

“ಪೂಜಿ ಫೋಟೊ ಹೊಡಿಯೂಣಂತ ಹಾಕಿದೆ. ಚಾಲೂನ ಆಗಲಿಲ್ಲ. ಚಾರ್ಜ್ ಇದ್ದಿಲ್ಲೇನು?”

ಗದಗಿನ ರಿಪೇರಿಯವರು ಬಿಚ್ಚಿ ತೋರಿಸಿದರು. ಒಳಗಿನ ತಾಮ್ರವೆಲ್ಲ ಹಸಿರುಗಟ್ಟಿತ್ತು, ಸಂದುಗಳಲ್ಲಿ ಅದೇ ಬಿಳಿ ಉಪ್ಪು. ಅವರು ಆಗದೆಂದು ತಲೆಯಾಡಿಸಿ ಮತ್ತೆ ಮುಚ್ಚಿದರು. ಕೆಲಸ ಬೇರೆಯವರ ಪಾಲಾಯಿತು.

ಮನೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು, “ದೇವರ ಕೆಲಸಕ್ಕ ತೊಳದಾರ. ಮಾರಿ ಗಂಟ ಹಾಕ್ಕೊಂಡು ತಿರಗಬ್ಯಾಡ. ಹೆಂಗೂ ಲಗ್ನ ಆಗೂತನಾ ಮನ್ಯಾಗ ಇರಾಕಿ.”

ಕೇಡು ಬಯಸಿ ಮಾಡಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಇವರು ಅದಕ್ಕೂ ಜಾಗ ಬಿಡಲಿಲ್ಲ. ಮನೆಗೆ ಬಂದವರೆದುರು ಕಾಕಾ ಈಗಲೂ, “ನಮ್ಮ ಹುಡುಗಿಗೆ ಫೋಟೊದ ಹುಚ್ಚು ಭಾಳ ಇತ್ತು,” ಎನ್ನುತ್ತಾರೆ. ‘ಇತ್ತು’ ಎನ್ನುವಾಗ ಅವರ ಮುಖದಲ್ಲಿ ಏನೂ ಬದಲಾಗುವುದಿಲ್ಲ.

ಈ ವರ್ಷವೂ ಪೂಜೆಗೆಂದು ಕ್ಯಾಮೆರಾ ಕೇಳಿದರು.

“ಕೆಟ್ಟೈತ್ರಿ,” ಎಂದೆ.

“ಕೆಟ್ಟರ ಏನಾತು, ಪೂಜಿಗೆ ನಡೀತೈತಿ.”

ಕಪಾಟಿನಿಂದ ತೆಗೆದುಕೊಟ್ಟೆ. ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ನಳ ಬಿಟ್ಟ ಸಪ್ಪಳ ಕೇಳಿಸಿತು. ಎದ್ದು ಹೋಗಿ ತಡೆದು ಕಾಪಾಡುವಂಥದ್ದು ಕ್ಯಾಮೆರಾದೊಳಗೆ ಏನೂ ಉಳಿದಿರಲಿಲ್ಲ.