ನಾಲ್ಕೇ ಗಂಟೆಯ ಕೆಲಸ

ದಕ್ಷಿಣ ಆಸ್ಟ್ರೇಲಿಯಾದ ಮೂಂಟಾ ಊರಿನ ಲೈಲ್ ಟ್ರೆನೋರ್ಡೆನ್ ಸುಳ್ಳು ಹೇಳುವ ಪೈಕಿಯಲ್ಲ. ವಾಲರೂ ಬಂದರಿನ ಧಾನ್ಯದ ಕಣಜಗಳಲ್ಲಿ ನಲವತ್ತು ವರ್ಷ ದುಡಿದರೂ ಒಂದು ಹಿಡಿ ಬಾರ್ಲಿಯನ್ನು ಜೇಬಿಗಿಳಿಸಿದವನಲ್ಲ. ಆದರೂ ತಿಂಗಳ ಮೊದಲ ಶನಿವಾರ ಬೆಳಗ್ಗೆ ಹೆಂಡತಿ ಏವಿಸ್‌ಗೆ ಒಂದು ಸುಳ್ಳನ್ನು ತಪ್ಪದೆ ಹೇಳುತ್ತಿದ್ದ.

"ನಾಲ್ಕೇ ಗಂಟೆ ಕಣೇ. ಊಟಕ್ಕೆ ಬಂದ್ಬಿಡ್ತೀನಿ."

ನಿವೃತ್ತಿಯಾದ ಮೇಲೆ ಹಿತ್ತಿಲ ತಗಡಿನ ಶೆಡ್ಡಿನಲ್ಲಿ ಕಾಳಿನಿಂದಲೇ ಬಿಯರ್ ತಯಾರಿಸುವ ಗೀಳು ಅವನಿಗೆ ಅಂಟಿತ್ತು. ಡಬ್ಬಿಯ ಪಾಕ ಕಲಸಿ ಕುಡಿಯುವವರನ್ನು ಕಂಡರೆ ಮೂಗು ಮುರಿಯುತ್ತಿದ್ದ. ನೀರು ಕಾಯಬೇಕು, ಒಡೆದ ಬಾರ್ಲಿ ಅದರಲ್ಲಿ ಒಂದು ಗಂಟೆ ನೆನೆಯಬೇಕು, ಸಿಹಿನೀರು ಸೋಸಬೇಕು, ಹಾಪ್ಸ್ ಹೂ ಹಾಕಿ ಇನ್ನೊಂದು ಗಂಟೆ ಕುದಿಸಬೇಕು, ತಣಿಸಬೇಕು, ಆಮೇಲೆ ಅದನ್ನು ಹುದುಗಿಸಿ ಬಿಯರ್ ಮಾಡುವ ಈಸ್ಟ್. ಪಾತ್ರೆ ತಿಕ್ಕುವ ಹೊತ್ತನ್ನಂತೂ ಅವನು ಎಂದೂ ಲೆಕ್ಕಕ್ಕೆ ಹಿಡಿದವನಲ್ಲ. ಹೀಗಾಗಿ ಹನ್ನೊಂದು ವರ್ಷ ಏವಿಸ್ ಹನ್ನೆರಡಕ್ಕೆ ಬೇಯಿಸಿದ, ಮಾಂಸ ಆಲೂಗಡ್ಡೆ ತುಂಬಿದ ಪಾಸ್ಟಿ ಕಡುಬನ್ನು ಮೂರಕ್ಕೆ ಮತ್ತೆ ಬಿಸಿ ಮಾಡಿ, ಬೈದು ಬಡಿಸಿದಳು.

ಈ ಶನಿವಾರ ಮಾತ್ರ ಶೆಡ್ಡಿನಲ್ಲಿ ಅವಳೇ ಇದ್ದಳು. ಸೋಮವಾರ ಅಡಿಲೇಡಿನಲ್ಲಿ ಲೈಲ್‌ನ ಹೃದಯಕ್ಕೆ ಶಸ್ತ್ರಚಿಕಿತ್ಸೆ. ಒಂದು ಕೆಟಲ್ ಕೂಡ ಎತ್ತಬಾರದೆಂದು ಡಾಕ್ಟರು ಹೇಳಿದ್ದರು. ಹೋಗುವ ಮೊದಲು ಒಂದು ಸಲ ಬಿಯರ್ ಮಾಡಲೇಬೇಕೆಂದು ಅವನು ಹಟ ಹಿಡಿದಿದ್ದ. ಅವನು ಕುರ್ಚಿಯಲ್ಲಿ ಕುಳಿತು ಅಪ್ಪಣೆ ಕೊಟ್ಟ, ಅವಳು ಹೊತ್ತಳು, ಸುರಿದಳು, ಕಲಕಿದಳು.

ಬಾರ್ಲಿ ನೆನೆಯುವಾಗ ಅವಳು ಕೇಳಿದಳು. "ಈ ಒಂದು ಗಂಟೆ ಏನ್ ಕಡಿದು ಗುಡ್ಡೆ ಹಾಕ್ತಿದ್ದೆ ಇಲ್ಲಿ?"

"ಸುಮ್ನೆ ಕೂತಿರ್ತಿದ್ದೆ. ಅಡುಗೆಮನೆಯಿಂದ ನಿನ್ನ ಬೈಗುಳ ಕೇಳಿಸ್ತಿತ್ತು. ರೇಡಿಯೋನೇ ಬೇಕಾಗಿರ್ಲಿಲ್ಲ."

"ಕೇಳಿಸ್ತಿತ್ತಾ? ಹಾಗಿದ್ರೂ ಬರ್ತಿರ್ಲಿಲ್ವಲ್ಲ, ಮಹಾರಾಯ."

ಕುದಿಯುವುದು ಮುಗಿದಾಗ ಮಧ್ಯಾಹ್ನ ಒಂದೂವರೆ ಗಂಟೆ. ತಣ್ಣೀರು ಹರಿಸಿ ತಣಿಸುವ ತಾಮ್ರದ ಸುರುಳಿಯನ್ನು ಅವಳು ಕೈಗೆತ್ತಿಕೊಂಡಳು.

"ತಣ್ಣಗಾದ ತಕ್ಷಣ ಈಸ್ಟ್ ಹಾಕ್ಬಿಡು," ಎಂದ ಲೈಲ್. "ಎರಡು ವಾರಕ್ಕೆ ತಯಾರಾಗುತ್ತೆ. ಪಕ್ಕದ್ಮನೆ ಕೆಲ್ವಿನ್ ಪೀಪಾಯಿಗೆ ತುಂಬಿಕೊಡ್ತಾನೆ, ಹೇಳಿಟ್ಟಿದೀನಿ. ಜನ ಬಂದ್ರೆ ಬರೀ ಟೀ ಕೊಟ್ಟು ಕಳಿಸ್ಬೇಡ."

ಯಾವ ಜನ ಎಂದು ಕೇಳಲು ಬಾಯಿ ತೆರೆದ ಏವಿಸ್‌ಗೆ ಅಷ್ಟರಲ್ಲಿ ಅರ್ಥವಾಯಿತು. ಬೆಳಗಿನಿಂದ ಬೆನ್ನು ಮುರಿದುಕೊಂಡು ತಾನು ಮಾಡಿದ್ದು ಗಂಡನ ಶವಸಂಸ್ಕಾರಕ್ಕೆ ಬರುವವರ ಬಿಯರು.

ಸುರುಳಿಯನ್ನು ಗೂಟಕ್ಕೆ ತೂಗುಹಾಕಿ, ಬಾಗಿಲಿಗೆ ಒತ್ತು ಕೊಟ್ಟಿದ್ದ ಪ್ಲಾಸ್ಟಿಕ್ ಕ್ಯಾನನ್ನು ಎಳೆದು ತಂದು ತಿಕ್ಕತೊಡಗಿದಳು. ಅದು ಕೆಲ್ವಿನ್ ಕೊಟ್ಟದ್ದು. ಕುದಿಯುವ ಸಿಹಿನೀರನ್ನು ತಣಿಸದೆಯೇ ಅದರಲ್ಲಿ ಕಂಠಮಟ್ಟ ತುಂಬಿ ಬಿಗಿಯಾಗಿ ಮುಚ್ಚಿದರೆ ವಾರಗಟ್ಟಲೆ ಕೆಡದು. ಈಸ್ಟ್ ಯಾವಾಗ ಬೇಕಾದರೂ ಹಾಕಬಹುದು. ನೀರಿಗೆ ತತ್ವಾರವಿರುವ ಆ ಸೀಮೆಯಲ್ಲಿ ಬಹಳ ಜನ ಮಾಡುವುದು ಹಾಗೆಯೇ.

"ಅದು ಸೋಮಾರಿಗಳ ಕ್ಯಾನು," ಎಂದ ಲೈಲ್.

"ಆಗ್ಲಿ. ನಿನಗಿಂತ ಚೆನ್ನಾಗಿ ಕಾಯೋಕೆ ಬರುತ್ತೆ ಅದಕ್ಕೆ." ಬಿಸಿ ಸಿಹಿನೀರು ತುಂಬಿ, ಮುಚ್ಚಳ ತಿರುವಿ, ಅದರ ಮೇಲೆ ಈಸ್ಟ್ ಪೊಟ್ಟಣ ಇಟ್ಟಳು. "ನಾನು ಇದನ್ನ ಮುಟ್ಟಲ್ಲ. ಕೆಲ್ವಿನ್ನೂ ಮುಟ್ಟಲ್ಲ. ನೀನೇ ಬಂದು ಹಾಕು."

ಅವನು ಕ್ಯಾನಿನ ಮೇಲಿದ್ದ ಪೊಟ್ಟಣವನ್ನು ನೋಡಿದ. ಆಮೇಲೆ ಕೇಳಿದ, "ನಾನು ಬರೋದು ತಡ ಆದ್ರೆ?"

"ನೀನು ಯಾವತ್ತು ಹೊತ್ತಿಗೆ ಸರಿಯಾಗಿ ಬಂದಿದೀಯ? ಪಾಸ್ಟಿ ಬಿಸಿ ಮಾಡಿಕೊಂಡು ಕಾಯೋದು ನನಗೆ ಅಭ್ಯಾಸ."

ಸೋಮವಾರ ಆಸ್ಪತ್ರೆಯಲ್ಲಿ ಅವನನ್ನು ತಳ್ಳುಗಾಡಿಯಲ್ಲಿ ಒಯ್ಯುವಾಗ ಏವಿಸ್ ಪಕ್ಕದಲ್ಲೇ ನಡೆದಳು. ಬಾಗಿಲ ಬಳಿ ಅವಳನ್ನು ತಡೆದರು. ಲೈಲ್ ಅವಳ ಬೆರಳು ಹಿಡಿದು ಹೇಳಿದ, "ನಾಲ್ಕೇ ಗಂಟೆ ಕಣೇ."

ಏಳು ಗಂಟೆ ಹಿಡಿಯಿತು. ಮನೆಗೆ ಬರಲು ಹದಿನೆಂಟು ದಿನ. ಬಂದವನು ಕೋಟು ಬಿಚ್ಚದೆ, ಹೆಂಡತಿಯ ತೋಳು ಹಿಡಿದು ಶೆಡ್ಡಿಗೆ ನಡೆದ. ಕ್ಯಾನು ಎತ್ತಿ ಹುದುಗಿಸುವ ಪಾತ್ರೆಗೆ ಸುರಿದವಳು ಅವಳು. ಈಸ್ಟ್ ಹಾಕಿದವನು ಅವನು.